ಕೈ ಅವರದೇ ಇರಲಿ: ಊರ ಲೈಬ್ರರಿಯಲ್ಲಿ ಹಿರಿಯರಿಗೆ ಕಂಪ್ಯೂಟರ್ ಕಲಿಸುವ ಬಗೆ

ತಿಪಟೂರಿಗೂ ಅರಸೀಕೆರೆಗೂ ನಡುವೆ, ರೈಲು ಹಳಿಗೆ ಹತ್ತಿರದ ಒಂದು ಊರಿನ ಪಂಚಾಯಿತಿ ಲೈಬ್ರರಿಯಲ್ಲಿ ನಾನು ಮೇಲ್ವಿಚಾರಕಿ. 2019ರಲ್ಲಿ ನಮ್ಮಂಥ ಲೈಬ್ರರಿಗಳು ಗ್ರಂಥಾಲಯ ಇಲಾಖೆಯಿಂದ ಪಂಚಾಯತ್ ರಾಜ್ ಇಲಾಖೆಗೆ ಬಂದವು. ಈಗ ಬೋರ್ಡಿನ ಮೇಲೆ 'ಅರಿವು ಕೇಂದ್ರ' ಅಂತಲೂ ಇದೆ. ಪುಸ್ತಕದ ಕಪಾಟು, ಪೇಪರ್ ಮೇಜು, ಮಕ್ಕಳ ಮೂಲೆ, ಅದರ ಪಕ್ಕಕ್ಕೆ ನಾಲ್ಕು ಕಂಪ್ಯೂಟರ್. ಕಂಪ್ಯೂಟರ್ ಬಂದ ಹೊಸದರಲ್ಲಿ ಮಕ್ಕಳೇ ಮುತ್ತಿಕೊಂಡಿರುತ್ತಿದ್ದರು. ಪೇಪರ್ ಓದಲು ಬರುವ ಅಜ್ಜಂದಿರು ಆ ಕಡೆ ಒಮ್ಮೆ ತಲೆ ಎತ್ತಿ ನೋಡಿ ಮತ್ತೆ ಪೇಪರಿಗೆ ಇಳಿಯುತ್ತಿದ್ದರು.

ಒಂದು ದಿನ ಅವರಲ್ಲೊಬ್ಬರು, ಎಪ್ಪತ್ತು ದಾಟಿದ ತೆಂಗಿನ ತೋಟದ ಯಜಮಾನರು, ಮಕ್ಕಳೆಲ್ಲ ಹೋಗುವ ತನಕ ಕಾದಿದ್ದು ಹತ್ತಿರ ಬಂದು ಕೇಳಿದರು. "ಅವ್ವಾ, ಇದ್ರಲ್ಲಿ ಪಹಣಿ ಕಾಣ್ಸುತ್ತಂತಲ್ಲ, ದಿಟವಾ?" ನಾನು ಖುಷಿಯಲ್ಲಿ ಕುರ್ಚಿ ಎಳೆದುಕೊಂಡು ಕೂತು ಎರಡು ನಿಮಿಷದಲ್ಲಿ ತೆಗೆದು ತೋರಿಸಿದೆ. ಅವರು ಓದಿಕೊಂಡು ಕೈ ಮುಗಿದು ಹೋದರು. ಮುಂದಿನ ವಾರ ಮತ್ತೆ ಬಂದು ಅದನ್ನೇ ಕೇಳಿದರು. ಆಗ ತಿಳಿಯಿತು, ನಾನು ಏನನ್ನೂ ಕಲಿಸಿರಲಿಲ್ಲ, ಮಾಡಿಕೊಟ್ಟಿದ್ದೆ ಅಷ್ಟೆ. ಮಾಡಿಕೊಡುವುದಕ್ಕೆ ಗ್ರಾಮ ಒನ್ ಇದೆ, ನಾಡಕಚೇರಿ ಇದೆ. ಅವರು ನನ್ನ ಹತ್ತಿರ ಬಂದದ್ದು ಬೇರೆ ಕಾರಣಕ್ಕೆ. ಮನೆಯಲ್ಲಿ ಅಣ್ಣತಮ್ಮಂದಿರ ಭಾಗದ ತಕರಾರಿತ್ತು. ತಮ್ಮ ಹೊಲದ ಕಾಗದವನ್ನು ಯಾರನ್ನೂ ಕೇಳದೆ, ಯಾರಿಗೂ ಹೇಳದೆ ತಾವೇ ನೋಡಬೇಕಿತ್ತು.

ಅವತ್ತಿನಿಂದ ನನ್ನದೊಂದು ಕಟ್ಟುನಿಟ್ಟು. ಮೌಸ್ ಅವರ ಕೈಯಲ್ಲಿ, ನನ್ನ ಕೈ ನನ್ನ ಬೆನ್ನ ಹಿಂದೆ. ಈ ಬರಹದಲ್ಲಿ ಮುಂದೆ ಹೇಳುವುದೆಲ್ಲ ಇದೊಂದನ್ನು ನಡೆಸಿಕೊಂಡು ಹೋಗಲು ಬೇಕಾದ ಸಿದ್ಧತೆ. ನನ್ನಂತೆ ಲೈಬ್ರರಿ ನೋಡಿಕೊಳ್ಳುವವರಿಗೆ, ಬಿಡುವಿನಲ್ಲಿ ಬಂದು ಕಲಿಸಬೇಕೆನ್ನುವ ನಿವೃತ್ತ ಮೇಷ್ಟ್ರುಗಳಿಗೆ, ಕಾಲೇಜು ಹುಡುಗ ಹುಡುಗಿಯರಿಗೆ ಬರೆಯುತ್ತಿದ್ದೇನೆ.

ಹೊತ್ತು ನೋಡಿಕೊಳ್ಳಿ

ಮೊದಲು ನಾನು ಸಂಜೆ ನಾಲ್ಕಕ್ಕೆ ಇಟ್ಟಿದ್ದೆ. ಯಾರೂ ಬರಲಿಲ್ಲ. ಸಂಜೆ ಹಾಲು ಕರೆಯಬೇಕು, ಡೈರಿಗೆ ಹಾಕಬೇಕು, ಆ ಹೊತ್ತಿಗೆ ಶಾಲೆ ಬಿಟ್ಟ ಮಕ್ಕಳೂ ನುಗ್ಗುತ್ತಾರೆ. ಮಕ್ಕಳ ಎದುರು ತಡವರಿಸಲು ಹಿರಿಯರಿಗೆ ಮುಜುಗರ. ಈಗ ಬೆಳಿಗ್ಗೆ ಹನ್ನೊಂದರಿಂದ ಹನ್ನೆರಡೂವರೆ. ಡೈರಿ ಮುಗಿದಿರುತ್ತದೆ, ದನ ಮೇವಿಗೆ ಬಿಟ್ಟಿರುತ್ತಾರೆ, ಮಧ್ಯಾಹ್ನದ ಮುದ್ದೆಗೆ ಇನ್ನೂ ಹೊತ್ತಿರುತ್ತದೆ. ತೋಟಕ್ಕೆ ತ್ರೀ ಫೇಸ್ ಕರೆಂಟು ಯಾವ ಪಾಳಿಯಲ್ಲಿದೆ ಎಂದು ಮೊದಲೇ ಕೇಳಿಕೊಳ್ಳಿ. ಹಗಲು ತ್ರೀ ಫೇಸ್ ಇರುವ ವಾರ ಮೋಟಾರು ಬಿಟ್ಟು ಯಾರೂ ಬರುವುದಿಲ್ಲ, ಬರಬೇಕೆಂದು ನಾವು ಹೇಳುವುದೂ ತಪ್ಪು. ಆ ವಾರ ಪಾಠಕ್ಕೆ ರಜೆ.

ಒಂದು ಸಲಕ್ಕೆ ಇಬ್ಬರು ಮೂವರು ಸಾಕು. ನಾಲ್ಕು ಕಂಪ್ಯೂಟರ್ ಇವೆಯೆಂದು ನಾಲ್ವರನ್ನು ಕೂರಿಸಬೇಡಿ. ಒಬ್ಬರ ಪಕ್ಕ ಇರುವಾಗ ಮತ್ತೊಬ್ಬರು ಸುಮ್ಮನೆ ಕಾಯುತ್ತಾರೆ, ಕರೆಯುವುದಿಲ್ಲ. ಹೆಂಗಸರು ಒಬ್ಬೊಬ್ಬರೇ ಬರುವುದು ಕಡಿಮೆ. ನೆರೆಮನೆಯವರೋ ಓರಗಿತ್ತಿಯೋ ಜೊತೆಯಾದರೆ ಬರುತ್ತಾರೆ. ಅವರನ್ನು ಒಂದೇ ಕಂಪ್ಯೂಟರಿನ ಮುಂದೆ ಜೋಡಿಯಾಗಿ ಕೂರಿಸಿ. ಒಬ್ಬರು ಮೌಸ್ ಹಿಡಿದರೆ ಇನ್ನೊಬ್ಬರು ಹೇಳಿಕೊಡುತ್ತಾರೆ, ಆಮೇಲೆ ಕೈ ಬದಲು.

"ನಮ್ಗೆಲ್ಲ ಯಾಕವ್ವ, ಸರ್ಕಾರದ್ದು ಕೆಟ್ಟೋದ್ರೆ ಕಟ್ಕೊಡೋರ್ಯಾರು" ಎಂದು ಹಿಂಜರಿಯುವವರಿಗೆ ನಾನು ಕಂದಾಯದ ರಸೀದಿ ನೆನಪಿಸುತ್ತೇನೆ. ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆ 1965ರದು. ಆ ಕಾಯ್ದೆಯಂತೆ ಮನೆ ಕಂದಾಯದ ಮೇಲೆ ರೂಪಾಯಿಗೆ ಆರು ಪೈಸೆ ಗ್ರಂಥಾಲಯ ಕರ. ಇಷ್ಟು ವರ್ಷ ಕಟ್ಟಿದವರಿಗೆ ಈ ಕುರ್ಚಿಯ ಮೇಲೆ ಹಕ್ಕಿದೆ. ಇದನ್ನು ಕೇಳಿದ ಮೇಲೆ ಅವರು ಕೂರುವ ರೀತಿಯೇ ಬೇರೆಯಾಗುತ್ತದೆ.

ಕುರ್ಚಿ, ಕನ್ನಡಕ, ಕಿವಿ

ಪಾಠಕ್ಕೆ ಮುಂಚೆ ಮಾನಿಟರ್ ಕೆಳಗಿಳಿಸಿ. ನಮ್ಮಲ್ಲಿ ಅದನ್ನು ಸಿಪಿಯು ಡಬ್ಬಿಯ ಮೇಲೆ ಇಡುವ ರೂಢಿ. ಹಿರಿಯರಲ್ಲಿ ಹೆಚ್ಚಿನವರ ಕನ್ನಡಕ ಬೈಫೋಕಲ್, ಹತ್ತಿರದ್ದನ್ನು ಓದುವ ಭಾಗ ಕೆಳಗಿರುತ್ತದೆ. ಪರದೆ ಎತ್ತರದಲ್ಲಿದ್ದರೆ ಅವರು ಗದ್ದ ಮೇಲೆತ್ತಿ ಓದಬೇಕು. ಹತ್ತು ನಿಮಿಷಕ್ಕೆ ಕತ್ತು ನೋಯುತ್ತದೆ, ಮಾರನೆಯ ದಿನ ಬರುವುದಿಲ್ಲ, ನಾವು ಅವರಿಗೆ ಆಸಕ್ತಿ ಇಲ್ಲ ಅಂದುಕೊಳ್ಳುತ್ತೇವೆ. ಮಾನಿಟರನ್ನು ಮೇಜಿನ ಮೇಲೇ ಇಟ್ಟು ಕೊಂಚ ಹಿಂದಕ್ಕೆ ವಾಲಿಸಿ. ಕಿಟಕಿ ಬೆಳಕು ಪರದೆಗೆ ಹೊಡೆಯದಂತೆ ತಿರುಗಿಸಿ.

ಯಾವ ಕಿವಿ ಚೆನ್ನಾಗಿ ಕೇಳುತ್ತದೆ ಎಂದು ತಿಳಿದುಕೊಂಡು ಆ ಪಕ್ಕವೇ ಕೂರಿ. ಜೋರಾಗಿ ಹೇಳಿದರೆ ಪೇಪರ್ ಮೇಜಿನವರೆಲ್ಲ ತಿರುಗಿ ನೋಡುತ್ತಾರೆ. ಅವರ ತಪ್ಪು ಊರಿಗೇ ಕೇಳಿಸಿದಂತಾಗುತ್ತದೆ.

ಕಂಪ್ಯೂಟರಿನೊಳಗೆ ಐದು ಚಿಕ್ಕ ಕೆಲಸ ಮಾಡಿಡಿ. ಸೆಟ್ಟಿಂಗ್ಸ್‌ನ ಈಸ್ ಆಫ್ ಆಕ್ಸೆಸ್‌ನಲ್ಲಿ (ಹೊಸ ವಿಂಡೋಸ್‌ನಲ್ಲಿ ಇದಕ್ಕೆ ಆಕ್ಸೆಸಿಬಿಲಿಟಿ ಎಂದು ಹೆಸರು) ಅಕ್ಷರದ ಗಾತ್ರ ಹೆಚ್ಚಿಸಿ, ಮೌಸಿನ ಬಾಣವನ್ನು ದೊಡ್ಡದು ಮಾಡಿ ಎದ್ದು ಕಾಣುವ ಬಣ್ಣ ಕೊಡಿ. ಕಂಟ್ರೋಲ್ ಪ್ಯಾನೆಲ್‌ನ ಮೌಸ್ ವಿಭಾಗದಲ್ಲಿ ಡಬಲ್ ಕ್ಲಿಕ್ ವೇಗವನ್ನು ತೀರಾ ಕಡಿಮೆಗೆ ತನ್ನಿ. ಅಲ್ಲೇ ಕ್ಲಿಕ್ ಲಾಕ್ ಅಂತ ಒಂದಿದೆ. ಅದನ್ನು ಹಾಕಿದರೆ ಎಡಗುಂಡಿಯನ್ನು ಸ್ವಲ್ಪ ಹೊತ್ತು ಒತ್ತಿ ಬಿಟ್ಟರೂ ಹಿಡಿದೇ ಇದ್ದ ಹಾಗೆ ನಡೆಯುತ್ತದೆ, ನಡುಗುವ ಕೈಗೆ ಎಳೆಯುವುದು ಸಲೀಸು. ಕೀಬೋರ್ಡ್ ವಿಭಾಗದಲ್ಲಿ ರಿಪೀಟ್ ಡಿಲೇಯನ್ನು ಲಾಂಗ್ ಕಡೆಗೆ ಸರಿಸಿ. ಇಲ್ಲದಿದ್ದರೆ ಅವರು ಒಂದು ಕೀಲಿ ಒತ್ತಿ ಕೈ ತೆಗೆಯುವುದರೊಳಗೆ ಪರದೆ ತುಂಬ ಒಂದೇ ಅಕ್ಷರ ಬಂದು, ಹೆದರಿ ಕೈ ಹಿಂದಕ್ಕೆ ಎಳೆದುಕೊಳ್ಳುತ್ತಾರೆ.

ಇನ್ನೊಂದು ಹೊರಗಿನ ಕೆಲಸ. ಮೌಸಿನ ಎಡಗುಂಡಿಯ ಮೇಲೆ ಹಣೆಗಿಡುವ ಕೆಂಪು ಸ್ಟಿಕ್ಕರ್ ಬೊಟ್ಟು ಅಂಟಿಸಿ. 'ಲೆಫ್ಟ್ ಕ್ಲಿಕ್' ಅನ್ನುವ ಮಾತೇ ಬೇಡ, 'ಬೊಟ್ಟು ತಟ್ಟಿ' ಅಂದರೆ ಸಾಕು.

ಆ ಮಾತು ಹೇಗೆ ಹೇಳುತ್ತೇವೆ ಅನ್ನುವುದಕ್ಕೂ ಬೆಲೆ ಇದೆ. 'ಒತ್ತಿ' ಎಂದರೆ ಪಂಪಿನ ಸ್ಟಾರ್ಟರ್ ಗುಂಡಿ ಒತ್ತಿ ಅಭ್ಯಾಸವಾದ ಬೆರಳು ಬಲ ಹಾಕಿ ಒತ್ತಿಬಿಡುತ್ತದೆ, ಆ ಬಲಕ್ಕೆ ಮೌಸೇ ಜರುಗುತ್ತದೆ, ಬಾಣ ಎಲ್ಲೋ ಹೋಗುತ್ತದೆ. ಒಬ್ಬ ಅಜ್ಜಿಗೆ ನಾನು, "ಒದ್ದೆ ಕೈಯಲ್ಲಿ ಮುದ್ದೆ ಬೆಂದಿದೆಯಾ ಅಂತ ತಟ್ಟಿ ನೋಡ್ತೀರಲ್ಲ, ಹಾಗೆ" ಅಂದೆ. ಅವರಿಗೆ ಆ ಕ್ಷಣಕ್ಕೇ ಬಂತು. ಮಣಿಕಟ್ಟು ಮೇಜಿಗೆ ತಾಗಿರಲಿ, ಬೆರಳು ಮಾತ್ರ ಆಡಲಿ. ಡಬಲ್ ಕ್ಲಿಕ್ ಬಾರದವರಿಗೆ ಒಂದು ಸಲ ತಟ್ಟಿ ಎಂಟರ್ ಒತ್ತುವುದನ್ನು ಹೇಳಿಕೊಡಿ. ಅದೂ ಇದೂ ಒಂದೇ ಕೆಲಸ. ಡಬಲ್ ಕ್ಲಿಕ್ ಬರಲೇಬೇಕೆಂದು ಹಟ ಹಿಡಿದು ಒಂದು ವಾರ ಕಳೆಯುವುದರಲ್ಲಿ ಅರ್ಥವಿಲ್ಲ.

ಮೊದಲ ದಿನ ಕೆಡಿಸಲು ಹೇಳಿ

ಮೊದಲ ದಿನ ನಾನು ಮೌಸ್ ಪಾಠ ಮಾಡುವುದಿಲ್ಲ, ಭಯದ ಪಾಠ ಮಾಡುತ್ತೇನೆ. ತೆರೆದಿಟ್ಟ ಒಂದು ಪುಟವನ್ನು ಅವರೇ ಮುಚ್ಚಬೇಕು, ಮತ್ತೆ ತೆರೆಯಬೇಕು. ಮಾನಿಟರ್ ಗುಂಡಿ ಒತ್ತಿ ಕತ್ತಲು ಮಾಡಬೇಕು, ಮತ್ತೆ ಬೆಳಕು ಮಾಡಬೇಕು. ಮೌಸಿನ ವೈರು ಕಿತ್ತು ಮತ್ತೆ ಸಿಕ್ಕಿಸಬೇಕು. ಕೀಲಿಮಣೆಯ ಮೇಲೆ ಅಂಗೈ ಇಟ್ಟು ಸಿಕ್ಕಸಿಕ್ಕ ಅಕ್ಷರ ತುಂಬಿಸಬೇಕು. ಆಮೇಲೆ ಕಂಟ್ರೋಲ್ ಹಿಡಿದುಕೊಂಡು ಜಡ್ ಒತ್ತಿಸುತ್ತೇನೆ. ಮಾಡಿದ್ದೆಲ್ಲ ಹಿಂದಕ್ಕೆ ಹೋಗುವುದನ್ನು ನೋಡಿದ ಮೇಲೆ ಅವರ ಭುಜ ಸಡಿಲವಾಗುವುದು ಕಣ್ಣಿಗೆ ಕಾಣುತ್ತದೆ.

ಎರಡನೆಯ ದಿನದಿಂದ ಕೈ ಪಳಗಿಸುವುದು. ಇಲ್ಲಿ ಎಲ್ಲರಿಗೂ ಒಂದೇ ಅಭ್ಯಾಸ ಕೊಡಬೇಡಿ. 1990ರಲ್ಲಿ ವಿಂಡೋಸ್ 3.0 ಜೊತೆ ಸಾಲಿಟೇರ್ ಎಂಬ ಇಸ್ಪೀಟಾಟ ಬಂತು. ಮೌಸಿನಲ್ಲಿ ಹಿಡಿದು ಎಳೆದು ಬಿಡುವುದನ್ನು ಜನ ಅದರಿಂದಲೇ ಕಲಿತರು. ಹಬ್ಬದಲ್ಲಿ ಎಲೆ ಹಿಡಿಯುವ ಗಂಡಸರಿಗೆ ಇವತ್ತಿಗೂ ಅದು ಒಳ್ಳೆಯ ಪಾಠ. ಆದರೆ ಇಸ್ಪೀಟೆಂದರೆ ಮುಖ ತಿರುಗಿಸುವ ಅಜ್ಜಿಯರಿದ್ದಾರೆ, ಮನೆ ಹಾಳಾದದ್ದನ್ನು ಕಂಡವರು. ಅವರಿಗೆ ಪೇಂಟ್ ತೆರೆದು ಕೊಡುತ್ತೇನೆ. ಮೊದಲು ಚುಕ್ಕಿ, ಆಮೇಲೆ ಎಳೆ. ಐದು ಚುಕ್ಕಿ ಐದು ಸಾಲಿನ ರಂಗೋಲಿ ಹಾಕುವಷ್ಟರಲ್ಲಿ ತಟ್ಟುವುದು, ಹಿಡಿದು ಎಳೆಯುವುದು, ಬಿಡುವುದು, ಬಣ್ಣ ಆರಿಸುವುದು ಎಲ್ಲ ಬಂದಿರುತ್ತದೆ. ಎಳೆ ಸೊಟ್ಟಗಾದರೆ ಕಂಟ್ರೋಲ್ ಜಡ್. "ನೆಲದ ಮೇಲೆ ಹಾಕ್ದಾಗ ಹಿಂಗೆ ಆಗಿದ್ರೆ ಎಷ್ಟು ಚೆನ್ನಾಗಿತ್ತು" ಅಂದರು ಒಬ್ಬರು.

ರೈಲ್ವೆಯಿಂದ ನಿವೃತ್ತರಾದ ಒಬ್ಬ ಅಜ್ಜನಿಗೆ ಈ ಎರಡೂ ಹಿಡಿಸಲಿಲ್ಲ. ಅವರಿಗೆ ಗೂಗಲ್ ಮ್ಯಾಪ್‌ನಲ್ಲಿ ಉಪಗ್ರಹದ ಚಿತ್ರ ಹಾಕಿ ನಮ್ಮೂರ ಕೆರೆ ತೋರಿಸಿದೆ. "ಇಲ್ಲಿಂದ ಹಳಿ ಹಿಡ್ಕೊಂಡು ಅರಸೀಕೆರೆವರೆಗೆ ಹೋಗಿ ಬನ್ನಿ" ಅಂದೆ. ಅವರು ಚಿತ್ರವನ್ನು ಎಳೆದು ಎಳೆದು ಹಳಿಯ ಜೊತೆಗೇ ಹೋದರು. ದಾರಿಯಲ್ಲಿ ಬಂದ ಗೇಟು, ಸೇತುವೆ ಒಂದೊಂದನ್ನೂ ಹೆಸರಿಟ್ಟು ಹೇಳಿದರು. ಜಂಕ್ಷನ್ನಿನಲ್ಲಿ ಹಾಸನದ ಕಡೆಗೆ ಹಳಿ ಕವಲೊಡೆಯುವ ಜಾಗ ಬಂದಾಗ ಮೌಸಿನ ಚಕ್ರ ತಿರುಗಿಸಿ ಹತ್ತಿರಕ್ಕೆ ತಂದುಕೊಂಡರು. ಆ ಚಕ್ರದ ಪಾಠ ನಾನು ಮಾಡಿಯೇ ಇರಲಿಲ್ಲ. ಮುಕ್ಕಾಲು ಗಂಟೆ ನಾನು ಬರೀ ಕೇಳಿಸಿಕೊಂಡೆ.

ಅವರಿಗೆ ಬಾಯಿಪಾಠ ಇರುವುದರಿಂದ ಶುರು ಮಾಡಿ

ನನ್ನ ಅನುಭವದಲ್ಲಿ ಪಹಣಿಗಿಂತ ಒಳ್ಳೆಯ ಪಾಠ ಇಲ್ಲ. ಭೂಮಿ ತಂತ್ರಾಂಶದ ಭೂದಾಖಲೆ ಪುಟದಲ್ಲಿ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ ಒಂದರ ಕೆಳಗೊಂದು ಡಬ್ಬಿಗಳು. ಡಬ್ಬಿಯ ಪಕ್ಕದ ಬಾಣ ತಟ್ಟಿದರೆ ಪಟ್ಟಿ ಕೆಳಗಿಳಿಯುತ್ತದೆ, ಚಕ್ರ ತಿರುಗಿಸಿ ತಮ್ಮದನ್ನು ಹುಡುಕಿ ತಟ್ಟಬೇಕು. ಇಲ್ಲಿ ಕೇಳುವ ಪ್ರತಿಯೊಂದಕ್ಕೂ ಉತ್ತರ ಅವರಿಗೆ ಗೊತ್ತು, ನನಗೆ ಗೊತ್ತಿಲ್ಲ. ಸರ್ವೆ ನಂಬರು ಅವರ ನಾಲಿಗೆ ತುದಿಯಲ್ಲೇ ಇರುತ್ತದೆ. ನಂಬರ್ ಹಾಕಿ ಗೋ ತಟ್ಟಿದ ಮೇಲೆ ಬರುವ ಸರ್ನೋಕ್ ಎಂಬ ಡಬ್ಬಿಯ ಹತ್ತಿರ ಮಾತ್ರ ಎಲ್ಲರೂ ನಿಲ್ಲುತ್ತಾರೆ. ಅದರೊಳಗೆ ಬಹಳ ಸಲ ಬರೀ ಒಂದು ನಕ್ಷತ್ರದ ಗುರುತು ಇರುತ್ತದೆ, ಅದನ್ನೇ ಆರಿಸಬೇಕು ಎಂದು ಮೊದಲೇ ಹೇಳಿಡಿ. ಆಮೇಲೆ ಹಿಸ್ಸಾ ನಂಬರು, ಅವಧಿ, ವರ್ಷ. ಪಹಣಿ ತೆರೆದುಕೊಂಡಾಗ ಅಕ್ಷರ ಸಣ್ಣದಿರುತ್ತದೆ. ಕಂಟ್ರೋಲ್ ಹಿಡಿದು ಪ್ಲಸ್ ಒತ್ತಿದರೆ ದೊಡ್ಡದಾಗುತ್ತದೆ.

ಪಹಣಿ ಕಾಣಿಸಿದ ಕೂಡಲೇ ನೀವು ಎದ್ದು ಪಕ್ಕಕ್ಕೆ ಹೋಗಿ. ಅವರ ಹೆಸರಿನ ಮುಂದೆ ಎಷ್ಟು ಎಕರೆ, ಎಷ್ಟು ಗುಂಟೆ, ಬ್ಯಾಂಕಿನ ಸಾಲ ಎಷ್ಟು ಎಂಬುದು ನಿಮಗೆ ಬೇಡದ ವಿಷಯ. ಲೈಬ್ರರಿಯಲ್ಲಿ ಕಂಡದ್ದು ಅರಳಿಕಟ್ಟೆಗೆ ಹೋಯಿತು ಅನ್ನುವ ಮಾತು ಒಂದೇ ಒಂದು ಸಲ ಹುಟ್ಟಿದರೂ ಆ ಕುರ್ಚಿ ಖಾಲಿಯಾಗುತ್ತದೆ.

ಪಹಣಿ ಬಂದವರಿಗೆ ಮಿಕ್ಕಿದ್ದು ಸುಲಭ, ಎಲ್ಲ ಕಡೆಯೂ ಇದೇ ಡಬ್ಬಿಗಳು, ಇದೇ ಬಾಣ. ಕೊಬ್ಬರಿ ಇಟ್ಟುಕೊಂಡವರು ಕೃಷಿ ಮಾರಾಟ ವಾಹಿನಿ ಎಂಬ ಜಾಲತಾಣದಲ್ಲಿ ತಿಪಟೂರು ಮಾರುಕಟ್ಟೆಯ ಕನಿಷ್ಠ, ಗರಿಷ್ಠ ಬೆಲೆ ನೋಡುತ್ತಾರೆ. ನಿವೃತ್ತ ಕನ್ನಡ ಮೇಷ್ಟ್ರೊಬ್ಬರಿಗೆ ಭಾರತವಾಣಿಯ ನಿಘಂಟುಗಳನ್ನು ತೋರಿಸಿದೆ. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನ 2016ರಲ್ಲಿ ಶುರು ಮಾಡಿದ್ದು ಅದು. ಅವರು ಈಗ ಬೇರೆ ಏನನ್ನೂ ಕೇಳುವುದಿಲ್ಲ, ಬಂದು ಕೂತರೆ ಪದ ಹುಡುಕುತ್ತಾ ಕೂರುತ್ತಾರೆ. ಬೇರೆಯದನ್ನೂ ಕಲಿಯಿರಿ ಎಂದು ನಾನು ಒತ್ತಾಯಿಸಲು ಹೋಗಿಲ್ಲ.

ಓದು ಬಾರದವರನ್ನು ವಾಪಸು ಕಳಿಸಬೇಡಿ. ಅಕ್ಷರ ಬಾರದ ಅಜ್ಜಿಗೂ ಅಂಕಿ ಬರುತ್ತದೆ, ಬಣ್ಣ, ಗುರುತು ತಿಳಿಯುತ್ತದೆ. ಫೋನಿನಲ್ಲಿ ಗೂಗಲ್ ಕನ್ನಡದಲ್ಲಿ ಹೇಳಿದ್ದನ್ನು ಕೇಳಿಸಿಕೊಂಡು ಹುಡುಕುತ್ತದೆ. ಮೈಕಿನ ಗುರುತು ತೋರಿಸಿ "ಹರಿಕಥೆ" ಅನ್ನಿಸಿ. ಮೊದಲ ಕಥೆ ಕೇಳಿ ಮುಗಿದ ಮೇಲೆ ಎರಡನೆಯದನ್ನು ಅವರೇ ಹುಡುಕಿಕೊಳ್ಳುತ್ತಾರೆ.

ಕನ್ನಡ ಟೈಪಿಂಗ್ ಮತ್ತು ಕಾಗುಣಿತ

ಹಿರಿಯರಿಗೆ ಟೈಪಿಂಗ್ ಕಲಿಸುವುದು ಕಷ್ಟ ಅನ್ನುತ್ತಾರೆ. ಕನ್ನಡ ಬಲ್ಲವರಿಗೆ ನುಡಿ ತಂತ್ರಾಂಶದ ಕೀಲಿಮಣೆ, ಅಂದರೆ ಕೆ.ಪಿ. ರಾವ್ ಅವರ ವಿನ್ಯಾಸ, ನಾನು ಕಂಡಂತೆ ಬೇಗ ಒಗ್ಗುತ್ತದೆ, ಯಾಕೆಂದರೆ ಅದು ಕಾಗುಣಿತದ ದಾರಿಯಲ್ಲೇ ನಡೆಯುತ್ತದೆ. ಕೆ ಒತ್ತಿದರೆ 'ಕ'. ಅದರ ಮೇಲೆ ಐ ಒತ್ತಿದರೆ 'ಕಿ', ಯು ಒತ್ತಿದರೆ 'ಕು'. ಶಿಫ್ಟ್ ಹಿಡಿದು ಎ ಒತ್ತಿದರೆ 'ಕಾ'. ಒತ್ತಕ್ಷರಕ್ಕೆ ಎಫ್ ಕೀಲಿ. 'ಅಮ್ಮ' ಬರೆಯಲು ಎ, ಎಂ, ಎಫ್, ಎಂ. ನಾಲ್ಕೇ ಕೀಲಿ. 'ಅಕ್ಕ', 'ಅಪ್ಪ', 'ಅಜ್ಜ' ಕೂಡ ಅಷ್ಟೇ. ಮೊದಲ ದಿನ ಈ ನಾಲ್ಕು ಮಾತು ಸಾಕು, ಎರಡನೆಯ ದಿನ ತಮ್ಮ ಹೆಸರು, ಮೂರನೆಯ ದಿನ ಊರು.

ಟ, ಡ, ಷ ಇಂಥವಕ್ಕೆ ಕೀಲಿ ಊಹಿಸಿದರೆ ಸಿಗುವುದಿಲ್ಲ. ಟ ಕ್ಯೂನಲ್ಲಿದೆ, ಡ ಡಬ್ಲ್ಯೂನಲ್ಲಿ, ಷ ಎಕ್ಸ್‌ನಲ್ಲಿ. ಇವನ್ನು ಬಿಳಿ ಚೀಟಿಯಲ್ಲಿ ಬರೆದು ಆಯಾ ಕೀಲಿಗೆ ಅಂಟಿಸಿ. ಶಿಫ್ಟ್ ಹಿಡಿದುಕೊಂಡು ಇನ್ನೊಂದು ಒತ್ತಲು ಬೆರಳು ಬಾರದವರಿಗೆ ಸ್ಟಿಕ್ಕಿ ಕೀಸ್ ಹಾಕಿ ಕೊಡಿ: ಶಿಫ್ಟ್ ಒತ್ತಿ ಬಿಟ್ಟು, ಆಮೇಲೆ ಅಕ್ಷರ ಒತ್ತಿದರೂ ನಡೆಯುತ್ತದೆ.

ಒಬ್ಬರು ತಮ್ಮ ಹೆಸರು, ತಂದೆ ಹೆಸರು, ಊರು ಟೈಪ್ ಮಾಡಿ ಪ್ರಿಂಟ್ ತೆಗೆಸಿಕೊಂಡು ಜೇಬಿನಲ್ಲಿಟ್ಟುಕೊಂಡರು. ಒಂದು ಹಾಳೆ ಖರ್ಚಾಯಿತೆಂದು ಲೆಕ್ಕ ಮಾಡಬೇಡಿ, ಪ್ರಿಂಟರಿದ್ದರೆ ಮೊದಲ ಹಾಳೆ ಖಂಡಿತ ತೆಗೆದುಕೊಡಿ.

ನವೆಂಬರಿಗೆ ಮುಂಚೆ

ರೈಲ್ವೆ, ಅಂಚೆ, ಸೈನ್ಯದಿಂದ ನಿವೃತ್ತರಾದವರು ನಮ್ಮ ಭಾಗದಲ್ಲಿ ಬಹಳ. ಅವರು ವರ್ಷವೂ ನವೆಂಬರಿನಲ್ಲಿ ಬದುಕಿರುವುದರ ಪ್ರಮಾಣಪತ್ರ ಕೊಡಬೇಕು; 80 ದಾಟಿದ ಕೇಂದ್ರ ಸರ್ಕಾರದ ಪಿಂಚಣಿದಾರರು ಅಕ್ಟೋಬರ್ 1ರಿಂದಲೇ ಕೊಡಬಹುದು. ಇದನ್ನು ಡಿಜಿಟಲ್ ಆಗಿ ಕೊಡುವ ಜೀವನ್ ಪ್ರಮಾಣ್ 2014ರ ನವೆಂಬರಿನಲ್ಲಿ ಬಂತು. ಮೊದಲಿದ್ದದ್ದು ಬೆರಳಚ್ಚಿನ ದಾರಿ. ಜೀವಮಾನವೆಲ್ಲ ಕಾಯಿ ಸುಲಿದ, ಹಾರೆ ಹಿಡಿದ ಬೆರಳಲ್ಲಿ ಗೆರೆಗಳು ಸವೆದುಹೋಗಿರುತ್ತವೆ. ಯಂತ್ರ ಮತ್ತೆ ಮತ್ತೆ ಬೇಡ ಅನ್ನುತ್ತದೆ. ತಾನು ಬದುಕಿದ್ದೇನೆ ಅನ್ನುವುದನ್ನು ತನ್ನ ಬೆರಳೇ ಹೇಳದೆ ಹೋದಾಗ ಆ ಮುಖದ ಮೇಲೆ ಬರುವ ಸಂಕಟ ನೋಡಲಾಗುವುದಿಲ್ಲ. 2021ರಿಂದ ಫೋನಿನ ಕ್ಯಾಮೆರಾದಲ್ಲಿ ಮುಖ ತೋರಿಸಿಯೂ ಕೊಡಬಹುದು. ಅದಕ್ಕೆ ಆಧಾರ್ ಫೇಸ್ ಆರ್‌ಡಿ ಮತ್ತು ಜೀವನ್ ಪ್ರಮಾಣ್ ಎರಡೂ ಆ್ಯಪ್ ಬೇಕು. ಬಾಗಿಲ ಬೆಳಕು ಮುಖದ ಮೇಲೆ ಬೀಳುವಂತೆ ಕೂರಿಸಿ, ಬೆಳಕು ಬೆನ್ನಿಗಿರಬಾರದು. ಕಣ್ಣು ಮಿಟುಕಿಸಲು ಹೇಳಿದಾಗ ನಿಧಾನವಾಗಿ ಮಿಟುಕಿಸಬೇಕು.

ಫೋನಿನ ಕೆಲಸ ಮುಗಿದ ಮೇಲೆ ಕಂಪ್ಯೂಟರಿನ ಪಾಠ. ಮೆಸೇಜಿನಲ್ಲಿ ಬಂದ ಪ್ರಮಾಣ್ ಐಡಿಯನ್ನು ಜೀವನ್ ಪ್ರಮಾಣ್ ಜಾಲತಾಣದಲ್ಲಿ ಹಾಕಿ ತಮ್ಮ ಪ್ರಮಾಣಪತ್ರವನ್ನು ತಾವೇ ಇಳಿಸಿಕೊಳ್ಳುವುದು. ಅಂಕಿ ಟೈಪಿಂಗ್, ಡೌನ್‌ಲೋಡ್, ಪ್ರಿಂಟ್ ಮೂರೂ ಇದರಲ್ಲೇ ಆಗುತ್ತದೆ.

ಅಕ್ಟೋಬರಿನಲ್ಲೇ ಒಂದು ಕೆಲಸ ಮಾಡಿ. ಪಿಪಿಒ (ಪಿಂಚಣಿ ಪಾವತಿ ಆದೇಶ) ಸಂಖ್ಯೆ, ಆಧಾರ್, ಬ್ಯಾಂಕ್ ಪಾಸ್‌ಪುಸ್ತಕ ಮೂರನ್ನೂ ಹುಡುಕಿಡಲು ಹೇಳಿ, ಆಧಾರಿಗೆ ಸೇರಿಸಿರುವ ಮೊಬೈಲ್ ನಂಬರ್ ಯಾರದು ಎಂದು ವಿಚಾರಿಸಿ. ಎಷ್ಟೋ ಜನರದ್ದು ಬೆಂಗಳೂರಿನಲ್ಲಿರುವ ಮಗನ ನಂಬರು, ಇಲ್ಲವೇ ಯಾವತ್ತೋ ಬಿಟ್ಟ ಸಿಮ್ಮು. ಅದನ್ನು ಸರಿಪಡಿಸುವುದು ಲೈಬ್ರರಿಯ ಕೆಲಸವಲ್ಲ, ಅವರು ಆಧಾರ್ ಕೇಂದ್ರಕ್ಕೋ ಆ ಸೇವೆ ಇರುವ ಅಂಚೆ ಕಚೇರಿಗೋ ಹೋಗಿ ಮಾಡಿಸಿಕೊಳ್ಳಬಹುದು. ಇದು ಮೊದಲೇ ತಿಳಿಯದಿದ್ದರೆ ಓಟಿಪಿ ಬರಲಿಲ್ಲ ಎಂದು ಕಲಿಯುವವರು ತಮ್ಮನ್ನೇ ದೂರಿಕೊಳ್ಳುತ್ತಾರೆ.

ಫೋನ್ ಇಡುವುದನ್ನು ಕಲಿಸಿ

ಇದಕ್ಕೆ ನಾನು ವಾರಕ್ಕೊಂದು ದಿನ ಪೂರ್ತಿ ಕೊಡುತ್ತೇನೆ. ನಮ್ಮ ಹಿರಿಯರು ಮೋಸ ಹೋಗುವುದು ತಿಳಿವಳಿಕೆ ಇಲ್ಲದೆ ಅಲ್ಲ, ಮರ್ಯಾದೆಗೆ. ಎದುರಿನವರು ಮಾತಾಡುತ್ತಿರುವಾಗ ಫೋನ್ ಇಡುವುದು ಅವರ ಪ್ರಕಾರ ಅಗೌರವ. ಅದರಲ್ಲೂ 'ಸಾಹೇಬರು' ಮಾತಾಡುತ್ತಿದ್ದರೆ ಎದ್ದೇ ನಿಲ್ಲುತ್ತಾರೆ. ಹಾಗಾಗಿ ನಾನು ಆಡಿಸಿ ಕಲಿಸುತ್ತೇನೆ. ಪಕ್ಕದ ಕೋಣೆಯಿಂದ ಅವರ ಫೋನಿಗೆ ಕರೆ ಮಾಡಿ, "ಬಿಲ್ ಕಟ್ಟಿಲ್ಲ, ರಾತ್ರಿ ಒಂಬತ್ತಕ್ಕೆ ನಿಮ್ಮ ಮನೆ ಕರೆಂಟ್ ತೆಗೀತೀವಿ, ಒಂದು ನಂಬರ್ ಬಂದಿರುತ್ತೆ ಹೇಳಿ" ಅನ್ನುತ್ತೇನೆ. ಅವರು ಮಾಡಬೇಕಾದ್ದು ಒಂದೇ, ಮಾತಾಡದೆ ಫೋನ್ ಇಡುವುದು. ಮೊದಲ ಸಲ ಯಾರ ಕೈಲೂ ಆಗುವುದಿಲ್ಲ. "ತಾಳಿ ಸ್ವಾಮಿ, ನನ್ನ ಮಗನಿಗೆ ಕೇಳ್ತೀನಿ" ಎಂದು ಶುರು ಮಾಡುತ್ತಾರೆ. ಮೂರನೆಯ ಸಲಕ್ಕೆ ಇಟ್ಟುಬಿಡುತ್ತಾರೆ.

ನಾಲ್ಕು ಮಾತುಗಳನ್ನು ದೊಡ್ಡ ಅಕ್ಷರದಲ್ಲಿ ಬರೆದು ಕಂಪ್ಯೂಟರಿನ ಮೇಲಿನ ಗೋಡೆಗೆ ಹಾಕಿದ್ದೇನೆ. ಫೋನಿನಲ್ಲಿ ದುಡ್ಡು ನಮಗೆ ಬರಲು ಪಿನ್ ಬೇಡ, ಕೊಡಲು ಬೇಕು. ಓಟಿಪಿಯನ್ನು ಬ್ಯಾಂಕಿನವರೂ ಕೇಳುವುದಿಲ್ಲ. ಫೋನಿನಲ್ಲಿ, ವಿಡಿಯೋದಲ್ಲಿ ಯಾರನ್ನೂ ಅರೆಸ್ಟ್ ಮಾಡುವ ಕಾನೂನು ಇಲ್ಲ. ದುಡ್ಡು ಹೋಯಿತೆಂದರೆ ಆ ಕ್ಷಣವೇ 1930. ಸೈಬರ್ ಮೋಸದ ದೂರು ಕೊಡುವ ಈ ಸಹಾಯವಾಣಿ ನಂಬರನ್ನು ಅವರ ಫೋನಿನಲ್ಲಿ ಉಳಿಸಿಕೊಡಿ. ಹೋದ ದುಡ್ಡು ಇನ್ನೂ ದಾರಿಯಲ್ಲಿರುವಾಗಲೇ ತಡೆಯಬೇಕು, ಮಗ ಊರಿಗೆ ಬರಲಿ ಎಂದು ಕಾದರೆ ಕೈ ತಪ್ಪುತ್ತದೆ. ಮೋಸ ಹೋದ ಮೇಲೆ ಹೇಳಿಕೊಂಡು ಬಂದವರನ್ನು ಯಾರೂ, ಯಾವತ್ತೂ, ಬೈಯಬಾರದು. ಬೈದರೆ ಮುಂದಿನವರು ಬಾಯಿ ಬಿಡುವುದಿಲ್ಲ.

ಲೈಬ್ರರಿಯ ಕಂಪ್ಯೂಟರಿನಲ್ಲಿ ಬ್ಯಾಂಕ್ ವ್ಯವಹಾರ ನಾನು ಬಿಡುವುದಿಲ್ಲ. ಎಷ್ಟು ಕೇಳಿದರೂ ಇಲ್ಲ. ಹತ್ತು ಜನ ಕೂರುವ ಜಾಗ ಅದು. ಬ್ಯಾಂಕಿನ ಕೆಲಸ ಅವರ ಸ್ವಂತ ಫೋನಿನಲ್ಲಿ, ಇಲ್ಲವೇ ಬ್ಯಾಂಕಿನಲ್ಲಿ.

ಪಟ್ಟಿ ಪುಸ್ತಕ

ಪ್ರತಿಯೊಬ್ಬರಿಗೂ ಒಂದು ನೋಟ್‌ಬುಕ್. ಅವರೇ ಬರೆಯಬೇಕು, ಅವರ ಮಾತಿನಲ್ಲಿ ಬರೆಯಬೇಕು. ನಾನು ಚೆನ್ನಾಗಿ ಅಚ್ಚು ಹಾಕಿಸಿ ಕೊಟ್ಟ ಹಾಳೆಯನ್ನು ಯಾರೂ ನೋಡಲಿಲ್ಲ. ಒಬ್ಬರ ಪುಸ್ತಕದಲ್ಲಿ "ಬಣ್ಣದ ಚಕ್ರ ಎರಡು ಸಲ ತಟ್ಟು. ಬಿಳಿ ಪುಟ ಬಂತಾ, ಮೇಲಿನ ಉದ್ದ ಡಬ್ಬಿಯಲ್ಲಿ ಬರಿ" ಎಂದಿದೆ. ಬಣ್ಣದ ಚಕ್ರ ಎಂದರೆ ಕ್ರೋಮ್. ಅದೇ ಸರಿಯಾದ ಹೆಸರು. ಓದು ಬಾರದವರು ಗುರುತು ಬಿಡಿಸಿಕೊಳ್ಳುತ್ತಾರೆ. ಪಾಸ್‌ವರ್ಡ್, ಪಿನ್ ಮಾತ್ರ ಆ ಪುಸ್ತಕದಲ್ಲಿ ಬರೆಯಕೂಡದು. ಪುಸ್ತಕ ಲೈಬ್ರರಿಯಲ್ಲೇ ಮರೆತು ಹೋಗುವುದು ಇದ್ದದ್ದೇ.

ಮೊಮ್ಮಕ್ಕಳ ವಯಸ್ಸಿನ ಮಕ್ಕಳನ್ನು ಸಹಾಯಕ್ಕೆ ಇಟ್ಟುಕೊಳ್ಳಬಹುದು, ಬೇಸಿಗೆ ರಜೆಯಲ್ಲಿ ನಾನೂ ಇಟ್ಟುಕೊಳ್ಳುತ್ತೇನೆ. ಆದರೆ ಮೊದಲು ಆ ಮಕ್ಕಳಿಗೆ ಪಾಠವಾಗಬೇಕು. ಕೈ ಬೆನ್ನ ಹಿಂದೆ. "ಅಯ್ಯೋ, ಇಷ್ಟೂ ಗೊತ್ತಾಗಲ್ವಾ ತಾತ" ಎಂಬ ಮಾತು ಬಂದರೆ ಅವತ್ತಿಗೆ ಆ ಮಗು ಕಪಾಟಿನ ಪುಸ್ತಕ ಜೋಡಿಸಲು ಹೋಗಬೇಕು. ಹೇಳಿದ್ದನ್ನೇ ಐದನೆಯ ಸಲ ಹೇಳುವಾಗಲೂ ಮೊದಲನೆಯ ಸಲದ ದನಿಯೇ ಇರಬೇಕು. ಸ್ವಂತ ಅಜ್ಜನಿಗೆ ಸ್ವಂತ ಮೊಮ್ಮಗ ಕಲಿಸುವುದು ಮಾತ್ರ ಬೇಡ, ಇಬ್ಬರಿಗೂ ಬೇಗ ಸಿಟ್ಟು ಬರುತ್ತದೆ. ಅದಲು ಬದಲು ಮಾಡಿ ಕೂರಿಸಿ.

ಏಳುವ ಮುಂಚೆ

ಪಾಠ ಮುಗಿಯಲು ಹತ್ತು ನಿಮಿಷ ಇರುವಾಗ ಹೊಸದೇನನ್ನೂ ಹೇಳಬೇಡಿ. ತೆರೆದದ್ದನ್ನು ಮುಚ್ಚುವ ಕೆಲಸ ಅದು. ನಾನು ಕ್ರೋಮ್‌ನಲ್ಲಿ ಗೆಸ್ಟ್ ಕಿಟಕಿಯನ್ನೇ ತೆರೆದು ಕೊಡುತ್ತೇನೆ. ಅದನ್ನು ಮುಚ್ಚಿದರೆ ಎಲ್ಲೆಲ್ಲಿ ಹೋಗಿದ್ದರು ಎಂಬ ಗುರುತು ಕಂಪ್ಯೂಟರಿನಲ್ಲಿ ಉಳಿಯುವುದಿಲ್ಲ. ಆದರೂ ಸೈನ್ ಔಟ್ ಮಾಡುವುದನ್ನು ಕಲಿಸುತ್ತೇನೆ, ನಾಳೆ ಬೇರೆಲ್ಲಾದರೂ ಕೂತಾರು. ಇಳಿಸಿಕೊಂಡ ಕಾಗದಗಳು ಮಾತ್ರ ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಉಳಿದಿರುತ್ತವೆ. ಅವನ್ನು ಅವರ ಕೈಯಿಂದಲೇ ಅಳಿಸಿ, ರೀಸೈಕಲ್ ಬಿನ್ನನ್ನೂ ಖಾಲಿ ಮಾಡಿಸಿ. ಸಂಜೆ ಬೀಗ ಹಾಕುವ ಮುಂಚೆ ನಾಲ್ಕೂ ಕಂಪ್ಯೂಟರಿನ ಆ ಫೋಲ್ಡರನ್ನು ನಾನು ಇನ್ನೊಮ್ಮೆ ನೋಡುತ್ತೇನೆ. ಯಾರದೋ ಆಧಾರ್, ಯಾರದೋ ಪಹಣಿ ಅಲ್ಲಿ ಬಿದ್ದಿರಬಾರದು.

ಸುಗ್ಗಿ, ಮದುವೆ, ಮೊಣಕಾಲು ನೋವು, ಏನಾದರೊಂದಕ್ಕೆ ಅವರು ತಿಂಗಳುಗಟ್ಟಲೆ ಬರದೆ ಹೋಗುತ್ತಾರೆ. ಮತ್ತೆ ಬಂದಾಗ ಎಲ್ಲಿಗೆ ಬಿಟ್ಟಿದ್ದೆವು ಎಂದು ಕೇಳಬೇಡಿ. ಕುರ್ಚಿ ಎಳೆದು ಕೊಡಿ, ಪಟ್ಟಿ ಪುಸ್ತಕ ತೆಗೆದು ಮುಂದಿಡಿ, ಮೌಸಿನ ಮೇಲಿನ ಬೊಟ್ಟು ಉದುರಿದ್ದರೆ ಹೊಸದು ಅಂಟಿಸಿ, ಪಹಣಿಯಿಂದಲೇ ಮತ್ತೆ ಶುರು ಮಾಡಿ.